ಎರಡನೇ ಭಾಗ ಬರಲೇಬೇಕಾದ ಒಂದು ಹಳೆಯ ಆಟ



ಸಿನಿಮಾಗಳಿಗೆ ಎರಡನೇ ಭಾಗ ಬರುವುದು ನಿಮಗೆಲ್ಲ ಗೊತ್ತು. ವಿಡಿಯೋ ಗೇಮ್‌ಗಳಿಗೂ ಬರುತ್ತದೆ. 1985ರಲ್ಲಿ ಬಂದ ಸೂಪರ್ ಮಾರಿಯೋ ಆಟಕ್ಕೆ ಆಮೇಲೆ ಎಷ್ಟೋ ಭಾಗಗಳು ಬಂದವು. ಆದರೆ ಅದೇ ಕಂಪನಿ ಅದೇ ವರ್ಷ ಹೊರತಂದ ಇನ್ನೊಂದು ಆಟವನ್ನು ಕೇಳುವವರೇ ಇಲ್ಲ. ಅದರ ಹೆಸರು 'ಐಸ್ ಕ್ಲೈಂಬರ್'. ಅಂದರೆ ಹಿಮದ ಬೆಟ್ಟ ಹತ್ತುವವರು.

ಹೋದ ವರ್ಷ ದಸರಾ ರಜೆಗೆ ಅಕ್ಕ, ನಾನು ಸೋದರಮಾವನ ಊರಿಗೆ ಹೋಗಿದ್ವಿ. ಮಾವ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು. ಅದರಲ್ಲಿ ಅವರು ಚಿಕ್ಕವರಿದ್ದಾಗ ಆಡುತ್ತಿದ್ದ ಟಿ.ವಿ. ಗೇಮ್ ಇತ್ತು. ಒಂದು ಕ್ಯಾಸೆಟ್, ಎರಡು ರಿಮೋಟ್. ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿ ಸಿಕ್ಕಿಸಿ, ಹಳೇ ಡಬ್ಬಾ ಟಿ.ವಿ. ಹಾಕಿದರೆ ಆಟ ಶುರು!

ಇದನ್ನು ಮಾಡಿದ್ದು ಜಪಾನಿನ ನಿಂಟೆಂಡೊ ಕಂಪನಿ. ಈ ಕಂಪನಿ 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತಾ ಆರಂಭವಾಯಿತು. ಐಸ್ ಕ್ಲೈಂಬರ್ ಆಟದ ಗಾತ್ರ ಬರೀ 24 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ಅದರೊಳಗೆ 32 ಬೆಟ್ಟಗಳಿವೆ!

ಹತ್ತುವವರು ಇಬ್ಬರು. ನೀಲಿ ಅಂಗಿಯ ಹುಡುಗ ಪೋಪೋ, ಗುಲಾಬಿ ಅಂಗಿಯ ಹುಡುಗಿ ನಾನಾ. ಕೈಯಲ್ಲಿ ಮರದ ಸುತ್ತಿಗೆ. ಹಾರಿ ತಲೆ ಮೇಲಿನ ಮಂಜುಗಡ್ಡೆ ಒಡೆದು, ಆ ತೂತಿನಿಂದ ಮೇಲಿನ ಅಂತಸ್ತಿಗೆ ಹೋಗಬೇಕು. 'ಟೋಪಿ' ಎಂಬ ಪ್ರಾಣಿ ಮಂಜುಗಡ್ಡೆ ತಳ್ಳಿಕೊಂಡು ಬಂದು ಆ ತೂತನ್ನು ಮುಚ್ಚಿ, ಹೆಸರಿಗೆ ತಕ್ಕ ಹಾಗೆ ನಮಗೆ ಟೋಪಿ ಹಾಕುತ್ತದೆ. ತಡ ಮಾಡಿದರೆ ಕೂಲಿಂಗ್ ಗ್ಲಾಸ್ ಹಾಕಿದ ಬಿಳಿ ಕರಡಿ ಬಂದು ಧಡಂ ಎಂದು ಕುಪ್ಪಳಿಸುತ್ತದೆ. ಆಗ ಬೆಟ್ಟವೇ ಕೆಳಗೆ ಸರಿಯುತ್ತದೆ. ತುದಿಯಲ್ಲಿ ಬದನೆಕಾಯಿ, ಕ್ಯಾರೆಟ್ ಆರಿಸಿಕೊಂಡು, ಕಾಂಡೋರ್ ಎಂಬ ದೊಡ್ಡ ಹಕ್ಕಿಯ ಕಾಲು ಹಿಡಿದರೆ ಗೆದ್ದ ಹಾಗೆ. "ಬದನೆಕಾಯಿಗೆ ಇಷ್ಟೆಲ್ಲಾ ಕಷ್ಟಾನಾ!" ಅಂತ ಅಕ್ಕ ಬಿದ್ದು ಬಿದ್ದು ನಕ್ಕಳು.

ಆದರೆ ಈ ಆಟದಲ್ಲಿ ಒಂದು ದೊಡ್ಡ ದೋಷವಿದೆ. ಇಬ್ಬರು ಆಡುವಾಗ ಒಬ್ಬರು ಬೇಗ ಹತ್ತಿದರೆ ಪರದೆ ಅವರ ಜೊತೆಗೇ ಮೇಲೆ ಹೋಗುತ್ತದೆ. ಕೆಳಗೆ ಉಳಿದವರು ಪರದೆಯಿಂದ ಆಚೆಗೆ ಬಿದ್ದು ಔಟ್ ಆಗುತ್ತಾರೆ. ನಾನು ಸರಸರ ಹತ್ತುತ್ತಿದ್ದೆ. "ಲೋ, ಸ್ವಲ್ಪ ನಿಲ್ಲೋ" ಅಂತ ಅಕ್ಕ ಕೂಗುತ್ತಿದ್ದಳು. ನಾನು ನಿಲ್ಲಲಿಲ್ಲ. ಗೆದ್ದೆ ಗೆದ್ದೆ ಎಂದು ಕುಣಿದೆ.

ಈ ವರ್ಷ ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆದರೆ ಅಜ್ಜಿ ಹಾಸಿಗೆ ಹಿಡಿದರು. ಅಮ್ಮ ಕೂಲಿ ಬಿಡುವ ಹಾಗಿಲ್ಲ. ಅಜ್ಜಿಯನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲೇ ಉಳಿದಳು. ನನಗೆ ಯಾರೂ ಉಳಿ ಅನ್ನಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ.

ದಸರಾಕ್ಕೆ ಒಬ್ಬನೇ ಮಾವನ ಮನೆಗೆ ಹೋದೆ. ಒಬ್ಬರೇ ಆಡಿದರೆ ಬೆಟ್ಟದಲ್ಲಿ ಪೋಪೋ ಮಾತ್ರ ಇರುತ್ತಾನೆ. ನಾನಾ ಬರುವುದೇ ಇಲ್ಲ. ಎರಡನೇ ರಿಮೋಟ್ ಸುಮ್ಮನೆ ಬಿದ್ದಿತ್ತು. ಎರಡು ಬೆಟ್ಟ ಹತ್ತಿ ಆಟ ಆಫ್ ಮಾಡಿಬಿಟ್ಟೆ.

ಆಗ ಮಾವ ಮೊಬೈಲಿನಲ್ಲಿ ಇನ್ನೊಂದು ಆಟ ತೋರಿಸಿದರು. 2001ರಲ್ಲಿ ಬಂದ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ' ಎಂಬ ಹೊಡೆದಾಟದ ಆಟ. ಅದರಲ್ಲಿ ಈ ಇಬ್ಬರೂ ಜೋಡಿಯಾಗಿದ್ದಾರೆ. ಒಬ್ಬರು ಮೇಲೆ ಹಾರಿ ಇನ್ನೊಬ್ಬರನ್ನು ಹಗ್ಗದಿಂದ ಎಳೆದುಕೊಳ್ಳುತ್ತಾರೆ! 2014ರ ಭಾಗದಲ್ಲಿ ಇವರನ್ನು ಕೈಬಿಟ್ಟು, 2018ರಲ್ಲಿ ಮತ್ತೆ ಕರೆತಂದರು. ಆದರೆ ಅಲ್ಲಿ ಇವರು ನೆಂಟರು ಅಷ್ಟೇ. ಇವರದೇ ಬೆಟ್ಟಕ್ಕೆ ಎರಡನೇ ಭಾಗ ಬರಲೇ ಇಲ್ಲ.

ಬಂದರೆ ಹೀಗಿರಬೇಕು. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಕೆಳಗಿನವರು ಹತ್ತುವವರೆಗೆ ಪರದೆ ಕಾಯಬೇಕು. ಇಬ್ಬರೂ ತುದಿ ಮುಟ್ಟಿದ ಮೇಲೆಯೇ ಹಕ್ಕಿ ಬರಬೇಕು. ಅಕ್ಕನಿಗೆ ಇದನ್ನೆಲ್ಲಾ ಹೇಳಿದೆ. "ಕರಡಿ ಇರಲಿ ಕಣೋ, ಅದನ್ನ ತೆಗೀಬೇಡ" ಅಂದಳು.

ಈಗ ಬೆಳಿಗ್ಗೆ ನೀರು ತರುವುದು, ಅಜ್ಜಿಗೆ ಗಂಜಿ ಕುಡಿಸುವುದು ನನ್ನ ಕೆಲಸ. ಆ ಹೊತ್ತಿನಲ್ಲಿ ಅಕ್ಕ ಎರವಲು ತಂದ ಪಿಯುಸಿ ಪುಸ್ತಕ ಓದುತ್ತಾಳೆ. ಬರುವ ವರ್ಷ ಅವಳನ್ನು ಕಾಲೇಜಿಗೆ ಸೇರಿಸಿ ಎಂದು ಅಪ್ಪನನ್ನು ಕೇಳಿದ್ದೇನೆ. "ನೋಡೋಣ" ಎಂದಿದ್ದಾರೆ. ನಮ್ಮ ಗುರುಗಳು ಯಾರಾದರೂ ಅಪ್ಪನಿಗೆ ಒಂದು ಮಾತು ಹೇಳಿದರೆ ತುಂಬಾ ಉಪಕಾರವಾಗುತ್ತದೆ.

ಗೆಳೆಯರೇ, ನಿಮಗೆ ಗೊತ್ತಿರುವ ಹಳೆಯ ಆಟಗಳ ಬಗ್ಗೆ ನೀವೂ ಬರೆಯಿರಿ. ತಪ್ಪಿದ್ದರೆ ಕ್ಷಮಿಸಿ.

— 9ನೇ ತರಗತಿಯ ವಿದ್ಯಾರ್ಥಿ