ಬಿಲ್ ಬಂತೇನ್ರಿ?

ಕಬ್ಬಿನ ಹಂಗಾಮು ಮುಗಿಯುತ್ತ ಬಂದರೆ ಬೆಳಗಾವಿ ಜಿಲ್ಲೆಯ ಅಂಕಲಿ, ಮಾಂಜರಿ ಕಡೆಯ ಚಹಾದಂಗಡಿಗಳಲ್ಲಿ ಕೇಳುವ ಪ್ರಶ್ನೆ ಇದೊಂದೇ. ಕೇಳುವವರಿಗಾಗಲಿ, ಹೇಳುವವರಿಗಾಗಲಿ ಅದು ಕಾನೂನಿನ ಪ್ರಶ್ನೆ ಎನಿಸುವುದಿಲ್ಲ. ಆದರೆ ಅದಕ್ಕೆ ಉತ್ತರ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ: ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ.

ಲೆಕ್ಕ ಹಾಕಿದರೆ ಮಜಾ ಇದೆ. 2025-26ಕ್ಕೆ ಕೇಂದ್ರ ನಿಗದಿಪಡಿಸಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ), ಶೇ. 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಕಟಾವು, ಸಾಗಾಣಿಕೆ ಖರ್ಚು ಬದಿಗಿಟ್ಟರೆ 40 ಟನ್ ಕಳಿಸಿದವನಿಗೆ 1,42,000. ಅದು ಎರಡು ತಿಂಗಳು ತಡವಾದರೆ ಬಡ್ಡಿ ಸರಿಯಾಗಿ 3,550. ಪೂರಾ ಒಂದು ಟನ್ ಕಬ್ಬಿನ ಬೆಲೆ! ಸೊಸೈಟಿ ಸಾಲದ ಬಡ್ಡಿಯನ್ನು ಬಾಯಿಪಾಠ ಹೇಳುವ ರೈತ, ತನಗೆ ಬರಬೇಕಾದ ಈ ಬಡ್ಡಿಯನ್ನು ಕೇಳುವುದು ಅಪರೂಪ. ಮುಂದಿನ ವರ್ಷವೂ ಅದೇ ಕಾರ್ಖಾನೆಗೇ ಕಬ್ಬು ಹೋಗಬೇಕಲ್ಲ.

ಗಡಿಯಾಚೆ ಶಿರೋಳದ ರೈತ ನಾಯಕ ರಾಜು ಶೆಟ್ಟಿ ಮಾತ್ರ ಪೂರ್ತಿ ಹಣವನ್ನು ಸಮಯಕ್ಕೆ ಕೊಡಿ ಎಂದು ಕೋರ್ಟಿನಲ್ಲೇ ಕೇಳಿದರು. ಎಫ್‌ಆರ್‌ಪಿಯನ್ನು ಕಂತಿನಲ್ಲಿ ಕೊಡಲು ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಹೊರಡಿಸಿದ ಆದೇಶವನ್ನು ಬಾಂಬೆ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ರದ್ದುಪಡಿಸಿತು.

ಈಚೆ ಅದೇ ವರ್ಷದ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯಲ್ಲಿ ಕೂತು, ಕಟಾವು, ಸಾಗಾಣಿಕೆ ಖರ್ಚು ಕಳೆದು ಟನ್ನಿಗೆ 3,500 ಕೇಳಿದರು. 3,300ಕ್ಕೆ ಒಪ್ಪಂದವಾಯಿತು. ಬೆಲೆಗಾಗಿ ಇಷ್ಟು ಗಟ್ಟಿಯಾಗಿ ಕೂಗಿದ ಸೀಮೆ, 14 ದಿನದ ಮಾತನ್ನು ಮಾತ್ರ ಇನ್ನೂ ಚಹಾದಂಗಡಿಯಲ್ಲೇ ಆಡುತ್ತಿದೆ.