ಹಳೆ ಸೀರೆಯ ಹಲವು ಜನ್ಮ

ಹತ್ತಿಯ ಸೀರೆಯೊಂದು ಯಾವಾಗ ಹಳೆಯದಾಯಿತೆಂದು ಹೇಳುವುದು ಬಲು ಕಷ್ಟ. ಅಂಗಡಿಯಿಂದ ಬಂದ ದಿನ ಅದು ಗಂಜಿಯ ಬಿಗುವಿನಲ್ಲಿರುತ್ತದೆ. ಉಟ್ಟವರ ಮೈಗೆ ಒಗ್ಗುವುದಿಲ್ಲ, ನೆರಿಗೆ ಹಿಡಿದ ಬೆರಳಿಗೆ ಮಣಿಯುವುದಿಲ್ಲ, ನಡೆದಾಡಿದರೆ ಸರಬರ ಸದ್ದು ಮಾಡಿ ತಾನು ಹೊಸದೆಂದು ಸಾರುತ್ತದೆ. ಸಾಕಷ್ಟು ಸಲ ಒಗೆಯುವ ಕಲ್ಲಿಗೆ ಬಿದ್ದು, ಬಿಸಿಲಲ್ಲಿ ಒಣಗಿ, ಗಂಜಿಯೆಲ್ಲ ಬಿಟ್ಟು, ನೂಲಿನ ಬಿಗಿ ಸಡಿಲವಾದ ಮೇಲೆಯೇ ಅದು ಮೈಯ ಮಾತು ಕೇಳುವುದು. ಆದರೆ ಅಷ್ಟು ಹೊತ್ತಿಗೆ ಬಣ್ಣ ಮಾಸಿರುತ್ತದೆ. "ಇನ್ನು ಹೊರಗೆ ಉಡೋ ಹಾಗಿಲ್ಲ, ಮನೆಯಲ್ಲಿ ಉಡೋಕೆ ಇರಲಿ" ಎಂಬ ತೀರ್ಪು ಹೊರಬೀಳುತ್ತದೆ. ಸುಖ ಕೊಡಲು ಶುರುಮಾಡಿದ ದಿನವೇ ಸೀರೆ ಹಳೆಯದೆನಿಸಿಕೊಳ್ಳುವುದು ಲೋಕದ ವಿಚಿತ್ರಗಳಲ್ಲೊಂದು. ನಾನಂತೂ ಇದನ್ನು ಸೀರೆಗೆ ಸಿಕ್ಕ ಮೊದಲ ಬಡ್ತಿ ಎಂದೇ ತಿಳಿಯುತ್ತೇನೆ.

ಮುಂದಿನ ಬಡ್ತಿಗಳ ಪಟ್ಟಿ ಉದ್ದವಿದೆ, ನಮಗೂ ಅವಸರವಿಲ್ಲ. ಸೀರೆ ಮೊದಲು ಸವೆಯುವುದು ಕೂರುವ ಜಾಗದಲ್ಲಿ, ಮೊಣಕಾಲಿನ ನೇರದಲ್ಲಿ. ಸೆರಗು ಮತ್ತು ಅಂಚು ಮಾತ್ರ ಇನ್ನೂ ಗಟ್ಟಿಯಾಗಿಯೇ ಇರುತ್ತವೆ. ಸವೆದ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುಂಡುಗಳನ್ನು ಜೋಡಿಸಿ ಹೊಲಿದು, ಆ ಹೊಲಿಗೆ ನೆರಿಗೆಯೊಳಗೆ ಮರೆಯಾಗುವಂತೆ ಉಡುತ್ತಿದ್ದ ಜಾಣೆಯರಿದ್ದರು. ಅದೂ ಮುಗಿದ ಮೇಲೆ ಸೀರೆ ತೊಲೆಗೆ ಏರುತ್ತಿತ್ತು, ಮನೆಗೆ ಬಂದ ಕೂಸಿನ ಜೋಲಿಯಾಗಿ. ಹೊಸ ಬಟ್ಟೆಯ ಒರಟು ಎಳೆ ಎಳೆಮೈಗೆ ಚುಚ್ಚುತ್ತದೆ. ಹಾಗಾಗಿ ಹುಟ್ಟಿದ ಮಗುವಿಗೆ ಲೋಕದ ಮೊದಲ ಸ್ಪರ್ಶ ಸಿಗುತ್ತಿದ್ದುದು ಅಜ್ಜಿಯ ಸೀರೆಯಿಂದ, ಅಜ್ಜನ ಪಂಚೆಯಿಂದ. ಲೋಕಕ್ಕೆ ಹೊಸಬರಾಗಿ ಬಂದವರನ್ನು ಬರಮಾಡಿಕೊಳ್ಳುವ ಕೆಲಸ ಮನೆಯಲ್ಲಿ ತೀರ ಹಳೆಯದಾದ ಬಟ್ಟೆಯದು.

ಬೇಸಿಗೆ ಬಂದರೆ ಇದೇ ಸೀರೆ, ಇದೇ ಪಂಚೆ ಮಾಳಿಗೆ ಹತ್ತುತ್ತವೆ. ಸಂಡಿಗೆಯ ಕಾಲ. ನಸುಕಿನಲ್ಲಿ ಅಕ್ಕಿಹಿಟ್ಟನ್ನು ಜೀರಿಗೆ, ಇಂಗು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಬಿಸಿಲು ಏರುವುದರೊಳಗೆ ಒದ್ದೆ ಬಟ್ಟೆಯ ಮೇಲೆ ಚಮಚ ಚಮಚವಾಗಿ ಇಡುತ್ತಾ ಹೋಗಬೇಕು. ಮಕ್ಕಳಿಗೆ ಕಾಗೆ ಓಡಿಸುವ ಹೊಣೆ, ನಡುನಡುವೆ ಅರೆ ಒಣಗಿದ ಸಂಡಿಗೆ ಕದ್ದು ತಿನ್ನುವ ಹಕ್ಕು. ಸಂಜೆ ಬಟ್ಟೆಯನ್ನು ಬೋರಲು ಹಾಕಿ, ಬೆನ್ನಿಗೆ ನೀರು ಚಿಮುಕಿಸಿದರೆ ಸಂಡಿಗೆಗಳು ಪಟಪಟನೆ ಬಿಟ್ಟುಕೊಂಡು ಅಂಗೈಗೆ ಬರುತ್ತವೆ. ಈಗ ಪ್ಲಾಸ್ಟಿಕ್ ಹಾಳೆಯ ಮೇಲೂ ಸಂಡಿಗೆ ಇಡುತ್ತಾರೆ, ಕೆಲಸವೂ ಹಗುರ. ಆದರೆ ಬಟ್ಟೆಯ ಮೇಲೆ ಒಣಗಿದ ಸಂಡಿಗೆಯ ಅಡಿಯಲ್ಲಿ ನೇಯ್ಗೆಯ ಸಣ್ಣ ಸಣ್ಣ ಚೌಕಗಳು ಅಚ್ಚಾಗಿರುತ್ತವೆ. ಕರಿದ ಮೇಲೂ ನೋಡಿದರೆ ಕಾಣುತ್ತವೆ. ನಾನು ಅದನ್ನು ನೋಡಿಯೇ ಬಾಯಿಗಿಡುವುದು.

ನಮ್ಮ ಆಯಿಯ ಊರು ಧಾರವಾಡದ ಕಡೆ. ಅವಳ ಬಾಯಲ್ಲಿ ಸದಾ ಒಂದೇ ಮಾತು: "ಒಗೀಬ್ಯಾಡ್ರೆ, ಇರ್ಲಿ, ಯಾವುದಕ್ಕರ ಬರ್ತದ." ಆ ಇರಲಿತನದ ಫಲವಾಗಿ ಅಟ್ಟದ ಮೇಲೆ ಗಂಟುಗಳು ಬೆಳೆಯುತ್ತಿದ್ದವು. ಸುಗ್ಗಿ ಮುಗಿದು ಕೈಗೆ ಬಿಡುವು ಸಿಕ್ಕ ಕಾಲಕ್ಕೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ಓಣಿಗೆ ಬರುತ್ತಿದ್ದರು. "ಕೌದಿ ಹಾಕಸ್ತೀರೇನ್ರೀ ಯವ್ವಾ" ಎಂಬ ಕೂಗು ಕೇಳಿದ್ದೇ ಅಟ್ಟದ ಗಂಟುಗಳು ಅಂಗಳಕ್ಕೆ ಇಳಿಯುತ್ತಿದ್ದವು.

ಕೌದಿ ಹೊಲಿಯುವುದನ್ನು ಹತ್ತಿರ ಕೂತು ನೋಡಬೇಕು. ಮೊದಲು ಅಂಗಳ ಗುಡಿಸಿ, ಅಗಲವಾದ ಗಟ್ಟಿ ಸೀರೆಯೊಂದನ್ನು ಅಡಿಗೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಡುತ್ತಾರೆ. ಅದರ ಮೇಲೆ ಹರಿದ ಧೋತರ, ಬಣ್ಣಗೆಟ್ಟ ಲುಂಗಿ, ಇನ್ನಾವುದಕ್ಕೂ ಬಾರದ ಸೀರೆಗಳು ಪದರ ಪದರವಾಗಿ ಕೂರುತ್ತವೆ. ಎಲ್ಲಕ್ಕೂ ಮೇಲೆ ತೋರುವ ಮುಖ. ಇಲ್ಲಿ ಹೊಲಿಯುವವಳ ಕಣ್ಣು ಚುರುಕಾಗುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಎಲ್ಲಿ, ಗುಳೇದಗುಡ್ಡದ ಖಣದ ಚೂರು ಎಲ್ಲಿ, ಶಾಲೆಯ ಅಂಗಿಯ ನೀಲಿ ಎಲ್ಲಿ ಎಂದು ಕೈಯಲ್ಲೇ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡುತ್ತಾಳೆ. ಅಳತೆಪಟ್ಟಿಯಿಲ್ಲ, ಕಾಗದದ ನಕ್ಷೆಯಿಲ್ಲ. ತುಂಡು ಚಿಕ್ಕದಾದರೆ ಇನ್ನೊಂದು ತುಂಡು, ಸೊಟ್ಟಗಿದ್ದರೆ ಅದರ ಸೊಟ್ಟಿಗೆ ಹೊಂದುವ ಮತ್ತೊಂದು. ಆಮೇಲೆ ಉದ್ದನೆಯ ಸೂಜಿ ಪದರಗಳನ್ನೆಲ್ಲ ಹಾದು ಕೆಳಗಿಳಿದು ಮೇಲೆ ಬರುತ್ತದೆ. ಒಂದು ಸಾಲು ಮುಗಿದರೆ ಎರಡು ಬೆರಳು ಬಿಟ್ಟು ಇನ್ನೊಂದು ಸಾಲು. ಹೊಲಿಗೆ ಎಳೆದಲ್ಲೆಲ್ಲ ಬಟ್ಟೆ ಸಣ್ಣಗೆ ಸುಕ್ಕಾಗಿ, ಸಾಲುಗಳ ನಡುವೆ ಉಬ್ಬುತ್ತದೆ. ಆ ಉಬ್ಬುಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಚಳಿಗಾಲದಲ್ಲಿ ನಮ್ಮನ್ನು ಬೆಚ್ಚಗಿಡುವುದು. ಹೊದ್ದರೆ ಒಂದಿಷ್ಟು ಭಾರವೆನಿಸುತ್ತದೆ. ಆ ಭಾರಕ್ಕೇ ನಿದ್ದೆ ಬರುತ್ತದೆಂದು ಕೌದಿಯಲ್ಲಿ ಮಲಗಿ ಬೆಳೆದವರೆಲ್ಲ ಒಪ್ಪುತ್ತಾರೆ.

ಒಗೆಯುವ ದಿನ ಮಾತ್ರ ಕೌದಿ ತನ್ನ ನಿಜವಾದ ತೂಕ ತೋರಿಸುತ್ತದೆ. ಹಳ್ಳಕ್ಕೆ ಒಯ್ದು ನೆನೆಸಿದರೆ ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ತಿರುವಿ ಹಿಂಡಬೇಕು. ನೆಂಟರೊಡನೆ ಮಾತು ಬಿಟ್ಟವರೂ ಕೌದಿ ಹಿಂಡುವಾಗ ಮಾತಾಡಲೇಬೇಕಾಗುತ್ತಿತ್ತು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬದುಕುವ ಸಿದ್ದಿ ಸಮುದಾಯದ ಹೆಂಗಸರ ಕೈಯಲ್ಲಿ ಈ ವಿದ್ಯೆಗೆ ಇನ್ನೊಂದು ಸೊಗಸು ಬಂದಿದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು ಅವರು. ಅವರ ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚುಗುಂಟ ತುಂಡುಗಳನ್ನು ಸೇರಿಸುತ್ತಾ ಸುತ್ತು ಹಾಕಿ, ಸುತ್ತಿನಿಂದ ಸುತ್ತಿಗೆ ಒಳಸರಿದು ಕೊನೆಗೆ ನಡುವನ್ನು ಮುಟ್ಟುತ್ತದೆ. ಎಲ್ಲ ಮುಗಿಯಿತು ಎನ್ನುವಾಗ ಬಣ್ಣದ ಚೂರುಗಳನ್ನು ತ್ರಿಕೋನವಾಗಿ ಮಡಿಚಿ ಮೂಲೆಗಳಿಗೆ ಹೂವಿನಂತೆ ಹೊಲಿಯುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಬತ್ತಲೆ ಎಂದು ಅವರ ಭಾವನೆ. ಆ ತ್ರಿಕೋನಗಳಿಂದ ಚಳಿಯೇನೂ ಕಡಿಮೆಯಾಗದು. ಚಿಂದಿಯಿಂದ ಹೊದಿಕೆ ಮಾಡಿಕೊಂಡರೆ ಸಾಕಿತ್ತು. ಆದರೂ ಚಿಂದಿಯಲ್ಲಿಯೇ ಇನ್ನೊಂದಿಷ್ಟು ಉಳಿಸಿ ಅಲಂಕಾರಕ್ಕೂ ಇಟ್ಟುಕೊಂಡರಲ್ಲ, ನನಗೆ ಅಲ್ಲಿ ತುಂಬ ಪ್ರೀತಿ. ಇದನ್ನು ಯಾರಾದರೂ ಬಡತನದ ಉಪಾಯ ಎಂದು ಕರೆದರೆ ನಾನು ಒಪ್ಪುವುದಿಲ್ಲ.

ಸೀರೆಯ ಕಥೆ ಇನ್ನೂ ಮುಗಿದಿಲ್ಲ. ಸ್ವಲ್ಪ ಅಡುಗೆಮನೆಗೆ ಹೋಗಿ ಬರೋಣ, ಹೊಟ್ಟೆಗೂ ಏನಾದರೂ ಬೇಕಲ್ಲ. ಹೀರೇಕಾಯಿಯ ಸಿಪ್ಪೆಯನ್ನು ಎಸೆಯುವ ಮನೆಗೆ ಹೆಣ್ಣು ಕೊಡಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಏಣು ಏಣಾದ ಆ ಸಿಪ್ಪೆಯನ್ನು ಚೂರು ಎಣ್ಣೆಯಲ್ಲಿ ಉದ್ದಿನಬೇಳೆ, ಒಣಮೆಣಸಿನಕಾಯಿಯ ಜೊತೆ ಹುರಿದು, ಕಾಯಿ, ಹುಣಸೆ, ಬೆಲ್ಲ ಸೇರಿಸಿ ರುಬ್ಬಿದರೆ ಬರುವ ಚಟ್ನಿಗೆ ಹೀರೇಕಾಯಿಯ ಪಲ್ಯ ಸಾಟಿಯಲ್ಲ. ಸಿಪ್ಪೆಗಾಗಿಯೇ ಹೀರೇಕಾಯಿ ತಂದು, ತಿರುಳನ್ನು ಏನು ಮಾಡುವುದೆಂದು ಯೋಚಿಸುವ ಮನೆಗಳೂ ಉಂಟು. ಕಿತ್ತಳೆ ಸಿಪ್ಪೆಯ ಗೊಜ್ಜು ಬಲ್ಲವರು ಹಣ್ಣು ತಿಂದವರಿಗಿಂತ ಭಾಗ್ಯವಂತರು. ಕರಾವಳಿಯವರು ಕಲ್ಲಂಗಡಿಯ ಕೆಂಪು ಮುಗಿದ ಮೇಲೆ ಉಳಿಯುವ ಬಿಳಿಭಾಗವನ್ನು ಅಕ್ಕಿಯೊಡನೆ ರುಬ್ಬಿ ದೋಸೆ ಹೊಯ್ಯುತ್ತಾರೆ. ಅದರ ಮೆದುವಿಗೆ ಬೆಣ್ಣೆಯ ಹಂಗು ಬೇಡ.

ಸಾರಿಗೆ ಕಿವುಚಿದ ಹುಣಸೆಯ ನಾರೂ ಸಿಪ್ಪೆಯೂ ಕಸಕ್ಕೆ ಹೋಗುವುದಿಲ್ಲ. ಅದು ನೇರ ಬಚ್ಚಲ ಕಟ್ಟೆಗೆ. ಹಿತ್ತಾಳೆ, ತಾಮ್ರದ ಮೇಲೆ ಕಟ್ಟಿದ ಕಪ್ಪು ಹುಳಿಗೆ ಕರಗುತ್ತದೆ. ಚಿಟಿಕೆ ಉಪ್ಪು ಸೇರಿಸಿ ತೆಂಗಿನ ನಾರಿನಲ್ಲಿ ತಿಕ್ಕಿದರೆ ದೇವರ ಮನೆಯ ತಂಬಿಗೆಯಲ್ಲಿ ಮುಖ ನೋಡಿಕೊಳ್ಳಬಹುದು. ನಾಲಗೆಗೆ ರುಚಿ ಕೊಟ್ಟ ಮೇಲೂ ಇಷ್ಟು ಕಸುವು ಉಳಿಸಿಕೊಂಡಿರುತ್ತದೆ ಹುಣಸೆ. ಇನ್ನು ತೆಂಗಿನ ಸಂಸಾರವನ್ನು ಕೇಳುವುದೇ ಬೇಡ. ಕರಟಕ್ಕೆ ಬಿದಿರಿನ ಹಿಡಿ ಹಾಕಿದರೆ ಸೌಟು, ಹಾಕದಿದ್ದರೆ ಹಂಡೆಯೊಲೆಗೆ ಉರಿ. ಗರಿಯ ಕಡ್ಡಿ ಹೆರೆದು ಕಟ್ಟಿದರೆ ಅಂಗಳದ ಪೊರಕೆ. ಅಂಗಳದಲ್ಲಿ ಸವೆದು ಅರ್ಧಕ್ಕಿಳಿದರೆ ಬಚ್ಚಲಿಗೆ, ಅಲ್ಲಿಯೂ ಸವೆದು ಗಿಡ್ಡವಾದರೆ ದನದ ಕೊಟ್ಟಿಗೆಗೆ. ಉದ್ದ ಕಡಿಮೆಯಾದಷ್ಟೂ ಕಡ್ಡಿ ಬಿರುಸಾಗುತ್ತದೆ, ಬಿರುಸಾದಷ್ಟೂ ಹೆಚ್ಚು ಗಟ್ಟಿ ಕೊಳೆಗೆ ಒದಗುತ್ತದೆ. ಸವೆತಕ್ಕೂ ಇಷ್ಟು ಒಳ್ಳೆಯ ಲೆಕ್ಕಾಚಾರವಿದೆ.

ಅಂಗಡಿಯಿಂದ ಬಂದ ಸಾಮಾನಿಗೂ ಇದೇ ನ್ಯಾಯ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ಅದರೊಳಗಿನ ವನಸ್ಪತಿಯ ಬಗ್ಗೆ ಜನ ಬೇಕಾದ್ದು ಹೇಳಲಿ, ಅದರ ಹಳದಿ ಡಬ್ಬವನ್ನು ಮೆಚ್ಚದವರಿಲ್ಲ. ಖಾಲಿಯಾದ ಡಬ್ಬದಲ್ಲಿ ರಾಗಿ, ಅವಲಕ್ಕಿ, ಚಿಲ್ಲರೆ ಕಾಸು ವಾಸಮಾಡಿದವು. ತಳ ತುಕ್ಕು ಹಿಡಿದು ತೂತಾದರೆ ಇನ್ನೂ ಒಳ್ಳೆಯದು, ಮೊಳೆ ಹೊಡೆದು ತೂತು ಮಾಡುವ ಶ್ರಮ ತಪ್ಪಿತು. ಮಣ್ಣು ತುಂಬಿ ತುಳಸಿ ನೆಟ್ಟರೆ ವಠಾರದ ಮನೆಗೂ ಒಂದು ವೃಂದಾವನ. ವೃಂದಾವನ ಕಟ್ಟಲು ಅಂಗಳವಿಲ್ಲದ ಎಷ್ಟೋ ತಾಯಂದಿರ ಬೆಳಗಿನ ಪೂಜೆ ಆ ತಗಡಿನ ಎದುರಿಗೇ ನಡೆಯಿತು. ಹಳೆ ಕ್ಯಾಲೆಂಡರಿನ ನುಣುಪು ಹಾಳೆಗಳು ಜೂನ್ ತಿಂಗಳಲ್ಲಿ ಪಠ್ಯಪುಸ್ತಕಗಳ ರಟ್ಟಿಗೆ ಹೊದಿಕೆಯಾಗುತ್ತಿದ್ದವು. ಗಣಿತದ ಪುಸ್ತಕಕ್ಕೆ ಲಕ್ಷ್ಮಿಯ ಚಿತ್ರ ಬಂದರೆ ಪಾಸಾಗುವ ಭರವಸೆ.

ಸೀರೆಗೆ ಮರಳೋಣ. ಕೌದಿಯೂ ಒಂದು ದಿನ ಜೂಲಾಗುತ್ತದೆ. ಆಗ ಅದರ ತುಂಡು ನೀರು ಹೊರುವವರ ತಲೆಯ ಸಿಂಬಿಯಾಗುತ್ತದೆ, ಒಲೆಯ ಮೇಲಿನ ಬಿಸಿಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತದೆ, ಹೊಸ್ತಿಲಲ್ಲಿ ಕಾಲೊರೆಸಾಗುತ್ತದೆ. ಶುಭ್ರವಾಗಿ ಉಳಿದ ಒಂದು ಚೂರು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಲು, ಇನ್ನೊಂದು ಹೊಸೆದು ದೀಪಕ್ಕೆ ಹಾಕಲು. ಹತ್ತಿಯ ಎಳೆ ಎಣ್ಣೆಯನ್ನು ನಿಧಾನವಾಗಿ ಮೇಲಕ್ಕೆ ಹೀರಿ ಉರಿಗೆ ಉಣಿಸುತ್ತದೆ. ಉಳಿಯುವುದು ಬೂದಿ, ಅದೂ ಗಿಡದ ಬುಡಕ್ಕೆ.

ಇಷ್ಟೆಲ್ಲ ಸಾಧ್ಯವಾದದ್ದು ನಮ್ಮ ಹಿರಿಯರ ಮಿತವ್ಯಯದಿಂದ ಮಾತ್ರವಲ್ಲ, ಹತ್ತಿ ಎಂಬ ವಸ್ತುವಿನ ಗುಣದಿಂದಲೂ. ಪಾಲಿಯೆಸ್ಟರ್ ಸೀರೆ ಮಾಸುವುದಿಲ್ಲ, ಸುಕ್ಕಾಗುವುದಿಲ್ಲ, ಸುಲಭಕ್ಕೆ ಹರಿಯುವುದೂ ಇಲ್ಲ. ಆದರೆ ನೆಲ ಒರೆಸಲು ಹೋದರೆ ನೀರನ್ನು ಕುಡಿಯದೆ ಅತ್ತಿತ್ತ ತಳ್ಳುತ್ತದೆ. ಕೌದಿಯೊಳಗೆ ಹಾಕಿದರೆ ಜಾರುತ್ತದೆ, ಹೊದ್ದವರಿಗೆ ಬೆವರು. ಬಿಸಿಪಾತ್ರೆ ಹಿಡಿಯಲು ಅದನ್ನು ನಂಬುವಂತಿಲ್ಲ, ಶಾಖಕ್ಕೆ ಕರಗಿ ಕೈಗೆ ಅಂಟುತ್ತದೆ. ಬತ್ತಿಯಾಗುವ ಯೋಗ್ಯತೆಯಂತೂ ಇಲ್ಲವೇ ಇಲ್ಲ. ಅದಕ್ಕೆ ಇರುವುದು ಒಂದೇ ಜನ್ಮ, ಅದು ಮುಗಿದ ಮೇಲೆ ಬಲು ದೀರ್ಘವಾದ ಶವಾವಸ್ಥೆ. ಹೀಗಾಗಿ ಉಳಿತಾಯದ ಜಾಣ್ಮೆ ಹಳೆಯದನ್ನು ಕೂಡಿಡುವಲ್ಲಿ ಅಲ್ಲ, ಹೊಸದನ್ನು ಆರಿಸುವಲ್ಲಿ ಮೊದಲಾಗುತ್ತದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಮುಂದಿನ ಹಬ್ಬಕ್ಕೆ ಬಟ್ಟೆಯಂಗಡಿಯಲ್ಲಿ ಕೂತಾಗ ಬಣ್ಣ, ಅಂಚು, ಬೆಲೆಯ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಿ: ಇದು ಹರಿದ ಮೇಲೆ ಏನಾಗಬಲ್ಲದು? ಪೆಟ್ಟಿಗೆಯ ತಳದಲ್ಲಿ ನಿಮ್ಮ ಅಮ್ಮನದೋ ಅಜ್ಜಿಯದೋ ಹತ್ತಿಯ ಸೀರೆಗಳಿದ್ದರೆ ಅವನ್ನು ಪಾತ್ರೆ ಮಾರುವವರಿಗೆ ಕೊಟ್ಟು ಸ್ಟೀಲ್ ಡಬ್ಬ ಪಡೆಯುವ ಮೊದಲು ಕೌದಿ ಹೊಲಿಯುವವರೊಬ್ಬರನ್ನು ಹುಡುಕಿ. ನಮ್ಮ ನಾಡಿನಲ್ಲಿ ಅವರು ಇನ್ನೂ ಇದ್ದಾರೆ. ಬಟ್ಟೆ ನಿಮ್ಮ ಮನೆಯದೇ ಇರಬಹುದು, ದಿನಗಟ್ಟಲೆ ಬಾಗಿ ಕೂತ ಬೆನ್ನು ಅವರದು. ಕೂಲಿಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ.