ಬುತ್ತಿ ತರದ ಹುಡುಗ



ಯರಗಟ್ಟಿಯ ಸೀಮೆಯಲ್ಲಿ ಶಿಕ್ಷಕನಾಗಿದ್ದಾಗಿನ ಮಾತು. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬನನ್ನು ಸೋಮಾರಿಯೆಂದು ಗದರಿಸಿ ನಿಲ್ಲಿಸಿದೆ. ಅವನು ಬುತ್ತಿ ತಂದಿಲ್ಲ, ನಳದ ನೀರು ಕುಡಿದು ಬಂದಿದ್ದಾನೆ ಎಂದು ಗೆಳೆಯರು ತಿಳಿಸಿದಾಗ ನನ್ನ ಬಿ.ಎಡ್. ಪದವಿಯೇ ನನ್ನನ್ನು ಅಣಕಿಸಿದಂತಾಯಿತು. ಮರುದಿನದಿಂದ ಮಕ್ಕಳು ಸರದಿಯಂತೆ ಒಂದೊಂದು ರೊಟ್ಟಿ ಹೆಚ್ಚಿಗೆ ತಂದರು. ಅವನು ಉಂಡನು, ಆದರೆ ತಲೆ ತಗ್ಗಿಸಿಯೇ ಉಂಡನು.

ವಾರಾನ್ನ ಉಂಡು, ಮಠಗಳ ಪ್ರಸಾದ ನಿಲಯಗಳಲ್ಲಿದ್ದು ಓದಿದ ಹಿರಿಯರು ನಮ್ಮ ಭಾಗದಲ್ಲಿ ಅನೇಕರು. ಊರು ಕೈಹಿಡಿಯದಿದ್ದರೆ ಅವರಿಗೆ ಅಕ್ಷರವೇ ಇರುತ್ತಿರಲಿಲ್ಲ. 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು 2007ರಲ್ಲಿ ಪ್ರೌಢಶಾಲೆಗಳಿಗೂ ಬಂದಿತು. 2013ರಲ್ಲಿ ಕ್ಷೀರಭಾಗ್ಯದ ಹಾಲೂ ದೊರೆಯಿತು. ಬಿಸಿಯೂಟದ ಪಂಕ್ತಿಯಲ್ಲಿ ಬುತ್ತಿ ಇದ್ದವರು, ಇಲ್ಲದವರು ಎಂಬ ಭೇದವಿಲ್ಲ. ದಾಸೋಹವೆಂದರೆ ಭಿಕ್ಷೆಯಲ್ಲ ಎಂಬ ಶರಣರ ಮಾತಿನ ಅರ್ಥ ನನಗೆ ಆ ಪಂಕ್ತಿಯಲ್ಲಿ ಹೊಳೆಯಿತು.

ಊರಿಗೆ ಹೋದಾಗ ನಿಮ್ಮ ಶಾಲೆಯ ಅಡುಗೆಮನೆಗೂ ಹೋಗಿರಿ. ಒಂದು ದಿನದ ಸಿಹಿ, ಒಂದು ಚೀಲ ಕಾಯಿಪಲ್ಲೆ ಏನಾದರೂ ಕೊಡಿರಿ. ಕೊಟ್ಟವರ ಹೆಸರು ಮಕ್ಕಳಿಗೆ ತಿಳಿಯುವುದು ಬೇಡ.

ಆ ಹುಡುಗನಲ್ಲಿ ನಾನು ಅಂದು ಕ್ಷಮೆ ಕೇಳಲಿಲ್ಲ. ಇದನ್ನು ಅವನು ಓದುತ್ತಿದ್ದರೆ, ಇಂದು ಕೇಳುತ್ತಿದ್ದೇನೆ.